1640ನೇ ವರ್ಷದ ಆಯ್ಕೆ: ಟೋಲ್ಕಿನ್ ಆಟಗಳ ಪರವಾನಗಿ ಕುರಿತು ಒಂದು ಮರುವಿಚಾರ

ಐರನ್ ಕ್ರೌನ್ ಎಂಟರ್‌ಪ್ರೈಸಸ್ 1984ರಲ್ಲಿ ತಂದ ‘ಮಿಡ್ಲ್-ಅರ್ಥ್ ರೋಲ್ ಪ್ಲೇಯಿಂಗ್’ ಆಟ ತನ್ನ ಕಥಾಕಾಲವನ್ನು ಮೂರನೆಯ ಯುಗದ 1640ರ ಆಸುಪಾಸಿನಲ್ಲಿ ನೆಲೆಗೊಳಿಸಿತು. ಟೋಲ್ಕಿನ್ ಮೂಲಕಥೆಯ ಉಂಗುರದ ಯುದ್ಧ ನಡೆಯುವುದು ಅದೇ ಯುಗದ 3018-19ರಲ್ಲಿ. ಈ ಅಂತರ ಕಂಡೊಡನೆ, ಹಕ್ಕುದಾರರು ಮೂಲಕಥೆಯ ಹತ್ತಿರ ಸುಳಿಯಗೊಡದೆ ಆಟಗಾರರನ್ನು ಹದಿನಾಲ್ಕು ಶತಮಾನ ಹಿಂದಕ್ಕೆ ಅಟ್ಟಿದರು ಎಂದು ತೀರ್ಮಾನಿಸುವವರಿದ್ದಾರೆ. ಈ ಓದು ನಿಲ್ಲುವಂಥದ್ದಲ್ಲ.

ಅಂಥ ನಿಷೇಧವಿದ್ದಿದ್ದರೆ, ಇದೇ ಸಂಸ್ಥೆ 1986ರಿಂದ 1989ರೊಳಗೆ ಹೊರತಂದ ‘ಲಾರ್ಡ್ಸ್ ಆಫ್ ಮಿಡ್ಲ್-ಅರ್ಥ್’ ಸಂಪುಟಗಳಲ್ಲಿ ಗ್ಯಾಂಡಾಲ್ಫ್, ಅರಗಾರ್ನ್, ಫ್ರೋಡೊ ತಮ್ಮ ಅಂಕಿ-ಅಂಶಗಳ ಸಮೇತ ಹೇಗೆ ಕಾಣಿಸಿಕೊಂಡರು? ನಿಷೇಧದ ವಾದ ಹೂಡುವವರು ಈ ಸಂಪುಟಗಳನ್ನು ತೆರೆದು ನೋಡಿದಂತಿಲ್ಲ.

1640 ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಅನುಬಂಧಗಳಲ್ಲಿದೆ. ಟೋಲ್ಕಿನ್ 1969ರಲ್ಲಿ ಮಾರಿದ, 1976ರಲ್ಲಿ ಸಾಲ್ ಜೇಂಟ್ಸ್ ಕೈಸೇರಿದ ಹಕ್ಕುಗಳು ಆ ಕೃತಿಗೂ ‘ದಿ ಹಾಬಿಟ್’ಗೂ ಸಂಬಂಧಿಸಿದವು, 1977ರ ‘ಸಿಲ್ಮರಿಲಿಯನ್’ ಅವುಗಳಾಚೆಗೆ ಉಳಿಯಿತು. ಆದರೆ ಅನುಬಂಧಗಳು ಕೃತಿಯ ಭಾಗವೇ. ಅಲ್ಲಿನ ಕಾಲಾನುಕ್ರಮಣಿಕೆಯನ್ನು ಸಾಲುಸಾಲಾಗಿ ಓದಬೇಕು. 1636ರಲ್ಲಿ ಮಹಾಮಾರಿ ಗೊಂಡೋರ್‌ನ ದೊರೆಯನ್ನೂ ಅವನ ಮಕ್ಕಳನ್ನೂ ಬಲಿ ಪಡೆಯುತ್ತದೆ. 1640ರಲ್ಲಿ ಹೊಸ ದೊರೆ ಟರೊಂಡೊರ್ ಅರಮನೆಯನ್ನು ಮಿನಾಸ್ ಅನೋರ್‌ಗೆ ಸಾಗಿಸುತ್ತಾನೆ. ಮೊರ್ಡೋರ್ ಮೇಲಿನ ಕಾವಲು ಸಡಿಲಗೊಂಡಿದೆ. ಉತ್ತರದಲ್ಲಿ ಅಂಗ್ಮಾರ್ ಹೊಂಚುಹಾಕಿ ಕೂತಿದೆ. ಅದರ ಎದುರಾಳಿ ರಾಜ್ಯ ಆರ್ಥೆಡೈನ್ ಬೀಳುವುದು 1974ಕ್ಕೆ. ಮೊರಿಯಾದಲ್ಲಿ ಕುಬ್ಜರು ಇನ್ನೂ ಅಗೆಯುತ್ತಿದ್ದಾರೆ, ಅಲ್ಲಿನ ಆಳದ ರಾಕ್ಷಸ ಬಾಲ್ರಾಗ್ ಎಚ್ಚರಗೊಳ್ಳುವುದು 1980ರಲ್ಲಿ. ಮಿನಾಸ್ ಇಥಿಲ್ ಶತ್ರುವಶವಾಗುವುದು 2002ರಲ್ಲಿ. ಅಂದರೆ ಪ್ರತಿ ದಿಕ್ಕಿಗೂ ಒಂದು ಬಿಕ್ಕಟ್ಟು, ಯಾವುದೂ ಇತ್ಯರ್ಥವಾಗಿಲ್ಲ. ಆಟಕ್ಕೆ ಬೇಕಾದದ್ದು ಇದೇ. ಇದು ಗಡೀಪಾರಾದವರು ಹಿಡಿದ ದಾರಿಯಲ್ಲ, ಅನುಬಂಧಗಳನ್ನು ಅರಗಿಸಿಕೊಂಡವರ ಆಯ್ಕೆ ಎಂದೇ ನನ್ನ ಗ್ರಹಿಕೆ.

ಪರವಾನಗಿಯ ಬೇಲಿ ಜನ ಹೇಳುವಷ್ಟು ಬಿಗಿಯಾಗಿಯೂ ಇರಲಿಲ್ಲ. ಇದೇ ಸಂಸ್ಥೆಯ 1995ರ ಇಸ್ಪೀಟು ಮಾದರಿಯ ಆಟದಲ್ಲಿ ಅಲಟಾರ್, ಪಲ್ಲಾಂಡೊ ಎಂಬ ಮಾಂತ್ರಿಕರಿದ್ದಾರೆ; ಆ ಹೆಸರುಗಳು ಮಾರಿದ ಹಕ್ಕುಗಳ ಆಚೆಗಿನ, 1980ರ ‘ಅನ್‌ಫಿನಿಶ್ಡ್ ಟೇಲ್ಸ್’ನವು. (ಹಕ್ಕುದಾರರ ಪರ ವಕಾಲತ್ತು ನನ್ನ ಉದ್ದೇಶವಲ್ಲ, ಆರೋಪ ಸರಿಯಾದ ಜಾಗದಲ್ಲಿ ಬೀಳಲಿ ಎಂಬುದಷ್ಟೇ.)

ಸರಿಯಾದ ಜಾಗ ಯಾವುದು? ಉಂಗುರಗಳಿಗೆ ದಾಸರಾದ ಒಂಬತ್ತು ನಾಜ್ಗೂಲ್‌ಗಳಲ್ಲಿ ಟೋಲ್ಕಿನ್ ಹೆಸರಿಟ್ಟದ್ದು ಖಮೂಲ್ ಒಬ್ಬನಿಗೆ. ಉಳಿದವರಿಗೆ ಹೆಸರು, ಊರು, ಪೂರ್ವಚರಿತ್ರೆ ಕೊಟ್ಟವರು ಆಟದ ಲೇಖಕರು: ಅವರ ನಾಯಕ ಮಾಟಗಾರ ದೊರೆಗೆ ಎರ್-ಮೂರಜೋರ್ ಎಂಬ ಹೆಸರು, ಜತೆಗೆ ಅಡೂನಫೆಲ್ ಎಂಬ ಹೆಂಗಸು. 1999ರಲ್ಲಿ ಪರವಾನಗಿ ಹೋಯಿತು, ಮರುವರ್ಷ ಸಂಸ್ಥೆ ದಿವಾಳಿಯೆದ್ದಿತು. ಸಂಸ್ಥೆಯ ಸ್ವಂತದ ‘ರೋಲ್‌ಮಾಸ್ಟರ್’ ನಿಯಮಗಳು ಇಂದಿಗೂ ಮಾರಾಟದಲ್ಲಿವೆ. ಪರವಾನಗಿಗೆ ಕಟ್ಟುಬಿದ್ದ ಅಡೂನಫೆಲ್ ಮಾತ್ರ ಹಳೆಯ ಪುಸ್ತಕದಂಗಡಿಗಳ ಪಾಲಾದಳು. 2011ರಲ್ಲಿ ಬೇರೆಯವರು ತಂದ ‘ದಿ ಒನ್ ರಿಂಗ್’ ಆಟ ಹಿಂದಿನವರ ಹದಿನೈದು ವರ್ಷಗಳ ದುಡಿಮೆಯನ್ನು ಬದಿಗಿಟ್ಟು ಮೂರನೆಯ ಯುಗದ 2946ರಿಂದ ಮೊದಲು ಮಾಡಬೇಕಾಯಿತು. ಹಳೆಯ ಜಗತ್ತನ್ನು ಬೆಳೆಸುವ ಕೆಲಸ ಅಭಿಮಾನಿ ಪತ್ರಿಕೆಗಳ ಹೆಗಲಿಗೆ ಬಿತ್ತು.

ಆದ್ದರಿಂದ ಪರವಾನಗಿ ಬರೆಯುವವನ ಕೈಯನ್ನು ಎಷ್ಟು ಕಟ್ಟಿತು ಎಂಬ ಪ್ರಶ್ನೆಗೇ ಜೋತುಬಿದ್ದರೆ ಸಾಲದು. ಅವಧಿ ಮುಗಿದಾಗ ಬರೆದದ್ದು ಯಾರ ವಶದಲ್ಲಿ ಉಳಿಯುತ್ತದೆ ಎಂಬಲ್ಲಿ ಹಕ್ಕುದಾರನ ಹಿಡಿತದ ಅಳತೆ ಸಿಗುತ್ತದೆ.