ರಾವುಲ್ ಪ್ರೆಬಿಷ್: ಬೆಲೆಯ ನ್ಯಾಯವನ್ನು ಅರಸಿದ ಅರ್ಥಶಾಸ್ತ್ರಜ್ಞ

ಗೋಧಿ ಮತ್ತು ಮಾಂಸವನ್ನು ಮಾರಿ ಯಂತ್ರಗಳನ್ನು ಕೊಳ್ಳುತ್ತಿದ್ದ ದೇಶ ಅರ್ಜೆಂಟೀನಾ. ಅಲ್ಲಿಯ ತುಕುಮಾನ್ ಪಟ್ಟಣದಲ್ಲಿ 1901ರಲ್ಲಿ ಜನಿಸಿದ ರಾವುಲ್ ಪ್ರೆಬಿಷ್, ಬ್ಯೂನಸ್ ಐರಿಸ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿ ಅಲ್ಲಿಯೇ ಅಧ್ಯಾಪಕರಾದರು. ಪ್ರತಿಯೊಂದು ದೇಶವೂ ತನಗೆ ಸುಲಭವಾದುದನ್ನು ಉತ್ಪಾದಿಸಿ ಮಾರಿದರೆ ಸರ್ವರಿಗೂ ಲಾಭವೆಂಬ ಆಂಗ್ಲ ಪಂಡಿತರ ಸಿದ್ಧಾಂತವನ್ನೇ ಅವರು ನಂಬಿದ್ದರು, ಅದನ್ನೇ ಬೋಧಿಸಿದರು.

1929ರ ಮಹಾಕುಸಿತವು ಆ ನಂಬಿಕೆಯ ಬುಡವನ್ನು ಅಲುಗಿಸಿತು. ಗೋಧಿಯ ಬೆಲೆ ನೆಲ ಕಚ್ಚಿತು. ಯಂತ್ರಗಳ ಬೆಲೆ ಅಷ್ಟು ಇಳಿಯಲಿಲ್ಲ. 1935ರಲ್ಲಿ ಅರ್ಜೆಂಟೀನಾದ ಕೇಂದ್ರ ಬ್ಯಾಂಕು ಸ್ಥಾಪಿತವಾದಾಗ (ನಮ್ಮ ರಿಸರ್ವ್ ಬ್ಯಾಂಕು ಆರಂಭವಾದುದೂ ಅದೇ ವರ್ಷ) 34 ವಯಸ್ಸಿನ ಪ್ರೆಬಿಷ್ ಅದರ ಪ್ರಥಮ ಮಹಾವ್ಯವಸ್ಥಾಪಕರಾದರು. ಒಳ್ಳೆಯ ಫಸಲಿನ ಕಾಲದಲ್ಲಿ ಹೊರದೇಶಗಳಿಂದ ಹರಿದುಬಂದ ಹಣವು ಸಾಲವಾಗಿ ಚೆಲ್ಲಿಹೋಗದಂತೆ, ಬ್ಯಾಂಕುಗಳಿಗೆ ಸಾಲಪತ್ರಗಳನ್ನು ಮಾರಿ ಅದನ್ನು ತಡೆದಿಟ್ಟರು; 1938ರಲ್ಲಿ ಬೆಳೆ ಕೆಟ್ಟಾಗ ಕೂಡಿಟ್ಟ ನಿಧಿಯೇ ದೇಶಕ್ಕೆ ಆಸರೆಯಾಯಿತು. ಮಳೆಗಾಲದ ನೀರನ್ನು ಬೇಸಗೆಗೆ ಕೆರೆಯಲ್ಲಿ ನಿಲ್ಲಿಸಿದಂತೆ! ಆದರೆ 1943ರಲ್ಲಿ ಅಧಿಕಾರಕ್ಕೆ ಬಂದ ಸೈನಿಕ ಸರಕಾರವು ಅವರನ್ನು ಹುದ್ದೆಯಿಂದ ತೆಗೆದುಹಾಕಿತು.

ಪದವಿ ಹೋಯಿತು, ಸಂಶೋಧನೆ ಉಳಿಯಿತು. ಆ ಬಿಡುವೇ ಜಗತ್ತಿಗೆ ಉಪಕಾರವಾಯಿತೆಂದು ನನ್ನ ಎಣಿಕೆ. 1949ರಲ್ಲಿ, ಲ್ಯಾಟಿನ್ ಅಮೆರಿಕಕ್ಕಾಗಿ ವಿಶ್ವಸಂಸ್ಥೆ ಸ್ಥಾಪಿಸಿದ್ದ ಆರ್ಥಿಕ ಆಯೋಗಕ್ಕೆ ಅವರು ಒಪ್ಪಿಸಿದ ವರದಿಯಲ್ಲಿ ಒಂದು ಪಟ್ಟಿ ಇತ್ತು. 1876-80ರಲ್ಲಿ ಇಂತಿಷ್ಟು ಕಚ್ಚಾ ಸಾಮಗ್ರಿಯನ್ನು ಕೊಟ್ಟು ಕಾರ್ಖಾನೆಯ ಸರಕು 100 ಪಾಲು ಪಡೆಯಬಹುದಾಗಿದ್ದರೆ, 1936-38ರ ವೇಳೆಗೆ ಅಷ್ಟಕ್ಕೇ ದೊರೆಯುತ್ತಿದ್ದುದು ಸುಮಾರು 64 ಪಾಲು ಮಾತ್ರ. ಕಾರಣವೇನು? ಕೈಗಾರಿಕಾ ದೇಶಗಳಲ್ಲಿ ಯಂತ್ರ ಸುಧಾರಿಸಿದಾಗ ಅದರ ಫಲವು ಸಂಬಳವಾಗಿ, ಲಾಭವಾಗಿ ಅಲ್ಲಿಯೇ ನಿಲ್ಲುತ್ತದೆ. ಕೃಷಿಕ ದೇಶದಲ್ಲಿ ಇಳುವರಿ ಹೆಚ್ಚಿದರೆ ಬೆಲೆ ಇಳಿದು, ಫಲವು ಕೊಳ್ಳುವವನ ಪಾಲಾಗುತ್ತದೆ. ಕಾಫಿ, ಮೆಣಸು ಬೆಳೆಯುವ ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾನ್ಸ್ ಸಿಂಗರ್ ಎಂಬ ವಿದ್ವಾಂಸರೂ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದಿದ್ದರು.

1964ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನವು ಪ್ರೆಬಿಷರ ನೇತೃತ್ವದಲ್ಲಿ ನೆರೆಯಿತು. ಪವಿತ್ರ ಪೀಠದ ಪ್ರತಿನಿಧಿಯಾಗಿ ಅಲ್ಲಿ ಭಾಗವಹಿಸಿದವರು ದೊಮಿನಿಕನ್ ಸಭೆಯ ವಂದನೀಯ ಲೆಬ್ರೆ. ಆರನೆಯ ಪೌಲ್ ಜಗದ್ಗುರುಗಳು 1967ರ ತಮ್ಮ ವಿಶ್ವಪತ್ರದಲ್ಲಿ, ಬಲಿಷ್ಠರಿಗೂ ದುರ್ಬಲರಿಗೂ ನಡುವಣ ವ್ಯಾಪಾರಕ್ಕೆ ಮುಕ್ತ ಪೈಪೋಟಿಯೊಂದೇ ನಿಯಮವಾಗಲಾರದೆಂದು ಬೋಧಿಸಿದುದನ್ನು ನಮ್ಮಲ್ಲಿ ಅನೇಕರು ಓದಿರಬಹುದು. ಮರುವರ್ಷ ದೆಹಲಿಯಲ್ಲಿ ಎರಡನೆಯ ಸಮ್ಮೇಳನವು ಸೇರಿ, ಬಡ ದೇಶಗಳ ಸರಕಿಗೆ ಸುಂಕದ ರಿಯಾಯಿತಿ ಸಲ್ಲಬೇಕೆಂಬ ತತ್ತ್ವವನ್ನು ಅಂಗೀಕರಿಸಿತು.

ಅವರ ಅಂಕಿಗಳನ್ನು ಪ್ರಶ್ನಿಸಿದವರುಂಟು: ಹಡಗಿನ ಬಾಡಿಗೆ ಇಳಿದುದನ್ನೂ ಯಂತ್ರಗಳ ಗುಣ ಹೆಚ್ಚಿದುದನ್ನೂ ಲೆಕ್ಕಕ್ಕೆ ಹಿಡಿದಿಲ್ಲವೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಅವರ ಹೆಸರಿನಲ್ಲಿ ಎತ್ತರದ ಸುಂಕದ ಗೋಡೆಗಳನ್ನು ಕಟ್ಟಿ, ಅದರ ಮರೆಯಲ್ಲಿ ಸೋಮಾರಿ ಕಾರ್ಖಾನೆಗಳನ್ನು ಸಾಕಿದವರನ್ನು ಸ್ವತಃ ಪ್ರೆಬಿಷರೇ ಟೀಕಿಸಿದರು. 1974ರ ನೆಹರೂ ಪ್ರಶಸ್ತಿಯನ್ನು ಭಾರತವು ಅವರಿಗೆ ನೀಡಿತು. 1986ರಲ್ಲಿ ಚಿಲಿಯ ಸಾಂತಿಯಾಗೊ ನಗರದಲ್ಲಿ ಅವರು ನಿಧನರಾದರು.