ಲೈಪ್‌ಜಿಗ್‌ನ ಪರದೇಶಿಗಳು

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಅನ್ಯದೇಶದವನೆಂಬ ಅರ್ಥದ ಜೊತೆಗೆ ದಿಕ್ಕಿಲ್ಲದವನೆಂಬ ಅರ್ಥವೂ ಉಂಟು. 1843ರಲ್ಲಿ ಮೆಂಡೆಲ್ಸನ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸ್ಥಾಪಿಸಿದ ಸಂಗೀತಶಾಲೆಯ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಎರಡನೆಯ ಅರ್ಥವೇ ನೆನಪಾಗುತ್ತದೆ.

1858ರಲ್ಲಿ ಅಲ್ಲಿಗೆ ಇಬ್ಬರು ಹುಡುಗರು ಬಂದರು: ನಾರ್ವೆಯಿಂದ 15 ವರ್ಷದ ಗ್ರೀಗ್, ಲಂಡನ್ನಿನಿಂದ 16 ವರ್ಷದ ಆರ್ಥರ್ ಸಲಿವನ್. ಗ್ರೀಗ್‌ಗೆ ಪಿಯಾನೊ ಗುರು ಪ್ಲೈಡಿಯ ಪಾಠ ಹಿಡಿಸಲಿಲ್ಲ. ಹುಡುಗ ನೇರವಾಗಿ ನಿರ್ದೇಶಕ ಶ್ಲೈನಿಟ್ಸ್ ಅವರಲ್ಲಿಗೆ ಹೋಗಿ ಈ ಪಾಠದಿಂದ ಬಿಡುಗಡೆ ಬೇಡಿದ, ಅವರು ಒಪ್ಪಿದರು. ನಮ್ಮ ಗುರುಕುಲಗಳಲ್ಲಿ ಇಂಥ ಬಿನ್ನಹಕ್ಕೆ ಎಡೆಯಿತ್ತೆ? 1860ರಲ್ಲಿ ಎದೆಯ ಬೇನೆ ಹಿಡಿದು ಊರಿಗೆ ಹೋದವನು ಮರಳಿ ಬಂದು 1862ರಲ್ಲಿ ವ್ಯಾಸಂಗ ಮುಗಿಸಿದ. ಮುಂದೆ ಆ ಶಾಲೆಯನ್ನೇ ದೂರಿದ್ದು ಬೇರೆ ಮಾತು.

ಸಲಿವನ್ ಬಂದದ್ದು ಮೆಂಡೆಲ್ಸನ್ ಹೆಸರಿನ ವಿದ್ಯಾರ್ಥಿವೇತನದ ಮೇಲೆ. ಒಂದು ವರ್ಷಕ್ಕೆಂದು ಹೊರಟವನು ಮೂರು ವರ್ಷ ನಿಂತ. ಮೂರನೆಯ ವರ್ಷದ ಅನ್ನ ವಸತಿಗೆ, ಸೈನ್ಯದ ಬ್ಯಾಂಡ್ ಮೇಷ್ಟರಾಗಿದ್ದ ತಂದೆ ಕಾಸಿಗೆ ಕಾಸು ಕೂಡಿಸಿದರು. ಶಾಲೆ ತನ್ನ ಶುಲ್ಕವನ್ನೇ ಬಿಟ್ಟುಕೊಟ್ಟಿತು. ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕಕ್ಕೆ ಅವನು ರಚಿಸಿದ ಸಂಗೀತ ಆ ವರ್ಷ, 1861ರಲ್ಲಿ, ಲೈಪ್‌ಜಿಗ್‌ನಲ್ಲಿ ಕೇಳಿಬಂದಿತು. ಮರುವರ್ಷ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಅದೇ ಕೃತಿ ಅವನನ್ನು ಹೆಸರುವಾಸಿ ಮಾಡಿತು.