ದೋಣಿ ಓಡದ ನಾಲೆ, ಅದರ ಪಕ್ಕದ ದಾರಿ

ಈ ಸಲ ಮನೆಯವರನ್ನೆಲ್ಲ ಕರ್ಕೊಂಡು ಒಂದು ವಾಕ್ ಹೋಗೋಣ. ಬೆಟ್ಟ ಹತ್ತೋ ಹಾಗಿಲ್ಲ, ಟಿಕೆಟ್ ಇಲ್ಲ. ತಿಪಟೂರು ತಾಲ್ಲೂಕಿನ ನೊಣವಿನಕೆರೆ ಸೀಮೆಯಿಂದ ತುರುವೇಕೆರೆ ಕಡೆಗೆ ಹೇಮಾವತಿ ನಾಲೆ ಹರಿಯುತ್ತಲ್ಲ, ಅದರ ಏರಿ ಮೇಲಿನ ಮಣ್ಣುದಾರಿ. ಅಕ್ಕಪಕ್ಕ ತೆಂಗಿನ ತೋಟ. ಮಂಡಿನೋವಿರೋ ಅಜ್ಜಿಯೂ ಆರಾಮಾಗಿ ನಡೀಬಹುದು, ಯಾಕಂದ್ರೆ ಈ ದಾರಿ ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಇಂಥ ದೊಡ್ಡ ನಾಲೆಗಳು ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ ಒಂದಡಿಯಷ್ಟೂ ಇಳಿಯೋದಿಲ್ಲ. ನೀರು ದಿಣ್ಣೆಯ ಪಕ್ಕೆ ಹಿಡಿದು ಮಟ್ಟ ಕಾಯ್ದುಕೊಂಡು ಹೋಗುತ್ತೆ, ದಾರಿ ಅದರ ಜೊತೆಗೆ ಹೋಗುತ್ತೆ.

ಇಂಗ್ಲೆಂಡಿನಲ್ಲಿ ಜನ ಕಾಲುವೆ ಪಕ್ಕ ವಾಕ್ ಮಾಡೋ ರೀಲ್ಸ್ ನೀವು ನೋಡಿರ್ತೀರಿ. ಆ ದಾರಿಗೆ ಅಲ್ಲಿ ಟೋಪಾತ್ ಅಂತಾರೆ. ಟೋ ಅಂದ್ರೆ ಎಳೆಯೋದು. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಕಲ್ಲಿದ್ದಲು ತುಂಬಿದ ದೋಣಿಗೆ ಹಗ್ಗ ಕಟ್ಟಿ, ದಡದ ಮೇಲೆ ಕುದುರೆ ನಡೆಸಿ ಎಳೆಸ್ತಿದ್ರು. ಆ ಕುದುರೆಗೆ ಮಾಡಿದ ದಾರಿ ಅದು. ನಮ್ಮ ನಾಲೆಯಲ್ಲಿ ದೋಣಿ ಓಡಲಿಲ್ಲ. ಹಾಗಾದ್ರೆ ನಮ್ಮ ದಾರಿ ಯಾರಿಗೆ? ನೀರು ಕಾಯೋರಿಗೆ. ಇಂಜಿನಿಯರ್ ಜೀಪಿಗೆ, ಗೇಟ್ ತಿರುಗಿಸೋ ಸೌಡಿಗೆ.

ನೀರು ಕಾಯೋ ಕೆಲಸ ಈ ನಾಲೆಗಿಂತ ಎಷ್ಟೋ ಹಳೇದು. ತುರುವೇಕೆರೆ, ನೊಣವಿನಕೆರೆ, ಹೆಸರಲ್ಲೇ ಕೆರೆ ಕೂತಿದೆ. ತುರುವೇಕೆರೆಯ ಹೊಯ್ಸಳ ಗುಡಿಗಳು 13ನೇ ಶತಮಾನದವು. ಮೇಲಿನ ಕೆರೆ ಕೋಡಿ ಬಿದ್ರೆ ಕೆಳಗಿನ ಕೆರೆಗೆ ನೀರು, ಅದು ಕೋಡಿ ಬಿದ್ರೆ ಅದರ ಕೆಳಗಿನದಕ್ಕೆ. ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ನೀರು ಅಂತ ನೋಡ್ಕೊಳ್ಳೋದು ನೀರುಗಂಟಿ. ಸುಗ್ಗಿಯಲ್ಲಿ ರೈತರು ಅವನಿಗೆ ಕಾಳು ಅಳೆದು ಕೊಡ್ತಿದ್ರು. ಏರಿ ಮೇಲೆ ಓಡಾಡೋ ಆ ಮನುಷ್ಯನನ್ನ ಇಡೀ ಊರು ನೋಡ್ತಿತ್ತು. ಅವನು ಯಾರಿಗಾದ್ರೂ ಜಾಸ್ತಿ ನೀರು ಬಿಟ್ರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗ್ತಿತ್ತು.

ಈಗ ಹೇಮಾವತಿಗೆ ಬರೋಣ. ನದಿ ಹುಟ್ಟೋದು ಮೂಡಿಗೆರೆ ಸೀಮೆಯಲ್ಲಿ, ಕಾವೇರಿ ಸೇರೋದು ಕೆಆರ್‌ಎಸ್ ಹಿನ್ನೀರಲ್ಲಿ. ಅದರ ಪಾಡಿಗೆ ಬಿಟ್ಟಿದ್ರೆ ಒಂದು ಹನಿಯೂ ತಿಪಟೂರಿಗೆ ಬರ್ತಿರಲಿಲ್ಲ. 1924ರಲ್ಲಿ ಮೈಸೂರು ಮತ್ತು ಮದರಾಸಿನ ನಡುವೆ ಒಂದು ಕಾವೇರಿ ಒಪ್ಪಂದ ಆಯ್ತು. 50 ವರ್ಷ ಆದಮೇಲೆ ಅದರ ಕೆಲವು ವಿಷಯಗಳನ್ನ ಮತ್ತೆ ನೋಡ್ಬೇಕು ಅಂತ ಅದರಲ್ಲೇ ಇತ್ತು. ಆ ಗಡುವು ಹತ್ತಿರ ಬರ್ತಿದ್ದಾಗ ಕರ್ನಾಟಕ ಕೇಂದ್ರದ ಒಪ್ಪಿಗೆ ಸಿಗದಿದ್ರೂ ಸ್ವಂತ ದುಡ್ಡಲ್ಲೇ ಕಬಿನಿ, ಹಾರಂಗಿ, ಹೇಮಾವತಿ ಕೆಲಸಗಳನ್ನ ಹಿಡೀತು. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟು 1979ರಲ್ಲಿ ಮುಗೀತು. ಅದರಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತೆ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಮಳೆಗಾಲದಲ್ಲಿ ನೀರಲ್ಲಿ ಮುಳುಗಿ ನಿಲ್ಲೋ ಶೆಟ್ಟಿಹಳ್ಳಿ ಚರ್ಚ್ ಫೋಟೋ ನಿಮ್ಮ ಫೋನಲ್ಲೂ ಇರಬಹುದು. ಅದರ ಸುತ್ತ ಊರುಗಳಿದ್ವು. ಅಲ್ಲಿನ ಜನ ಎದ್ದು ಹೋದ್ರು, ಆಮೇಲೆ ನಮಗೆ ನೀರು ಬಂತು.

ಅದೂ ಸಲೀಸಾಗಿ ಬರಲಿಲ್ಲ. ಹೇಮಾವತಿ ಕಣಿವೆಗೂ ನಮ್ಮ ಸೀಮೆಗೂ ಮಧ್ಯೆ, ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ನೆಲ ಎತ್ತರ ಇದೆ. ನೀರು ಹತ್ತೋದಿಲ್ಲ, ಹಾಗಾಗಿ ಕೆಳಗೇ ಕೊರೆದ್ರು. ಅದೇ ಬಾಗೂರು–ನವಿಲೆ ಸುರಂಗ, ಹತ್ತಿರ ಹತ್ತಿರ 10 ಕಿಲೋಮೀಟರ್. ಸುರಂಗದಿಂದಾಗಿ ಮೇಲಿನ ಊರುಗಳ ಬಾವಿ ಬತ್ತಿದವು, ತೋಟ ಒಣಗಿದವು ಅಂತ ಅಲ್ಲಿನ ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಏರಿ ಮೇಲೆ ತಣ್ಣಗೆ ಗಾಳಿ ಬೀಸ್ತಿರುವಾಗ ಇದು ನೆನಪಾದ್ರೆ ಸ್ವಲ್ಪ ಕಸಿವಿಸಿ ಆಗುತ್ತೆ. ಆಗ್ಲಿ ಬಿಡಿ.

ಈ ನೀರು ಈಗ ಹೆಚ್ಚಾಗಿ ಹೋಗೋದು ಹಳೇ ಕೆರೆಗಳಿಗೇ. ನೊಣವಿನಕೆರೆ, ತುರುವೇಕೆರೆ ಹತ್ತಿರದ ಮಲ್ಲಾಘಟ್ಟ, ತಿಪಟೂರಿಗೆ ಕುಡಿಯೋ ನೀರು ಕೊಡೋ ಈಚನೂರು ಕೆರೆ. ಕೆರೆ ತುಂಬಿದ್ರೆ ಬೋರ್‌ವೆಲ್‌ನಲ್ಲಿ ನೀರು, ಬೋರ್‌ವೆಲ್‌ನಲ್ಲಿ ನೀರಿದ್ರೆ ತೆಂಗು. ಬಿ.ಕಾಂ. ಓದಿದ ತಲೆ ನಂದು, ಲೆಕ್ಕ ಹಾಕದೆ ಇರೋಕಾಗಲ್ಲ. ಹೊಂಬಾಳೆ ಬಿಚ್ಚಿದ ಮೇಲೆ ಕಾಯಿ ಬಲಿಯೋಕೆ ಸುಮಾರು 12 ತಿಂಗಳು. ಕಿತ್ತ ಕಾಯಿ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿ ಆಗೋಕೆ ಇನ್ನೊಂದು 10–12 ತಿಂಗಳು. ಅಂದ್ರೆ ಈ ವರ್ಷ ನಾಲೆಗೆ ನೀರು ಬರದೆ ಹರಳು ಉದುರಿದ್ರೆ, ಅದರ ಪೆಟ್ಟು ತಿಪಟೂರು ಎಪಿಎಂಸಿಯಲ್ಲಿ ಕಾಣೋದು ಎರಡು ವರ್ಷ ಆದಮೇಲೆ. ಅಷ್ಟು ಹೊತ್ತಿಗೆ ನೀರಿನ ಗಲಾಟೆ ಎಲ್ಲರಿಗೂ ಮರೆತಿರುತ್ತೆ, ರೇಟಿನ ಗಲಾಟೆ ಮಾತ್ರ ಇರುತ್ತೆ.

ಚಿಕ್ಕನಾಯಕನಹಳ್ಳಿ ಕಥೆ ಬೇರೆ. ಅದು ನಾಲೆಗಿಂತ ಎತ್ತರದಲ್ಲಿದೆ, ಪಂಪ್ ಹಾಕಿ ಎತ್ತಿದ್ರೇ ನೀರು. ದೂರದ ಕುಣಿಗಲ್‌ಗೆ ಇನ್ನೊಂದು ಸಮಸ್ಯೆ: ನಾಲೆ ಅಲ್ಲಿ ಮುಟ್ಟೋ ಹೊತ್ತಿಗೆ ನೀರೇ ಉಳಿದಿರಲ್ಲ. ಅದಕ್ಕೇ ನಾಲೆಯ ಮಧ್ಯದಿಂದ ಆ ಕಡೆಗೆ ನೇರ ಪೈಪ್ ಹಾಕೋ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಬಂತು. 2025ರ ಮೇ ಕೊನೆಗೆ ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆ ಇದ್ರೂ ಜನ ಅದರ ವಿರುದ್ಧ ಬೀದಿಗಿಳಿದ್ರು. ಕುಣಿಗಲ್‌ನವರು ತಮ್ಮ ಪಾಲು ಕೇಳೋದು ತಪ್ಪು ಅಂತ ನಾನು ಹೇಳಲ್ಲ. ಬಾಲದ ತುದಿಯಲ್ಲಿರೋರಿಗೆ ಬೇರೆ ದಾರಿ ಏನಿದೆ? ನನ್ನ ತಕರಾರು ಪೈಪಿನ ಮೇಲೆ. ತೆರೆದ ನಾಲೆಯಲ್ಲಿ ಎಷ್ಟು ನೀರು ಹೋಗ್ತಿದೆ ಅಂತ ದನ ಮೇಯಿಸೋ ಹುಡುಗನಿಗೂ ಕಾಣುತ್ತೆ. ಪೈಪಿನೊಳಗೆ ಹೋಗೋದನ್ನ ಇಲಾಖೆ ಹೇಳಿದಷ್ಟೇ ನಂಬಬೇಕು. ಪೈಪ್ ಬೇಕೇ ಬೇಕು ಅಂದ್ರೆ ಅದರ ಮೀಟರ್ ಲೆಕ್ಕ ದಿನಾ ನಮ್ಮ ಫೋನಿಗೆ ಬರೋ ಹಾಗೆ ಮಾಡ್ಲಿ.

ಹೊರಡೋ ಮುಂಚೆ ಒಂದು ಮಾತು. ನಾಲೆಯ ಕಾಂಕ್ರೀಟ್ ಇಳಿಜಾರು ಜಾರುತ್ತೆ, ಬಿದ್ರೆ ಹತ್ತೋಕೆ ಹಿಡಿತ ಸಿಗಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತಿದ್ದು ನೆನಪಿರಬಹುದು. ಅಲ್ಲೂ ತಡೆಗೋಡೆ ಇರಲಿಲ್ಲ. ಮಕ್ಕಳ ಕೈ ಬಿಡಬೇಡಿ, ಸೆಲ್ಫಿಗೆ ಕೆಳಗಿಳೀಬೇಡಿ. ನೀರು ಬಿಟ್ಟಿರೋ ದಿನ ಸಂಜೆ ಹೊತ್ತು ಹೋಗಿ. ಗೇಟಿನ ಪಕ್ಕದ ಗೋಡೆ ಮೇಲೆ ಅಡಿ ಲೆಕ್ಕದ ಗೆರೆ ಬರೆದಿದ್ರೆ ನೀರು ಎಲ್ಲಿವರೆಗೆ ಇದೆ ಅಂತ ಮಕ್ಕಳ ಕೈಲಿ ಓದಿಸಿ, ತಾರೀಖು ಹಾಕಿ ಒಂದು ಫೋಟೋ ತೆಗೆದಿಡಿ. ನನಗೂ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಬೋರನಕಣಿವೆಗೆ ಹೋಗೋಣ.